ಬೇರೆ ಜಾತಿ, ಬೇರೆ ಧರ್ಮದ ಮದುವೆ: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಂಟರ ಮನೆಯವಳು. ಗಂಡ ಕೊಂಕಣಿ ಮಾತಾಡುವ ಕೆಥೋಲಿಕ್. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದೆವು, ಇಬ್ಬರೂ ಇದ್ದ ಹಾಗೇ ಇದ್ದೇವೆ. ಹಾಗಾಗಿ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುತ್ತಾ ಇರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ವಕೀಲೆಯಲ್ಲ. ಕಾಗದಪತ್ರದ ಕೆಲಸಕ್ಕೆ ಕೈ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿಕೊಳ್ಳಿ.

ನಮ್ಮಿಬ್ಬರ ಧರ್ಮ ಬೇರೆ ಬೇರೆ. ಮದುವೆಗೆ ಯಾರಾದರೂ ಒಬ್ಬರು ಮತ ಬದಲಾಯಿಸಲೇಬೇಕಾ?

ಬೇಡ. ಇದೊಂದನ್ನು ಮೊದಲೇ ತಲೆಗೆ ಹಾಕಿಕೊಳ್ಳಿ. ನಮ್ಮ ಊರಲ್ಲಿ ಅರ್ಧ ಜಗಳ ಹುಟ್ಟುವುದೇ ಇದು ಗೊತ್ತಿಲ್ಲದೆ.

1954ರ ವಿಶೇಷ ವಿವಾಹ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಸ್ಪೆಷಲ್ ಮ್ಯಾರೇಜ್ ಆಕ್ಟ್, ಇರುವುದೇ ಇದಕ್ಕೆ. ಹುಡುಗ ಹಿಂದೂವಾಗಿಯೇ, ಹುಡುಗಿ ಮುಸ್ಲಿಮಳಾಗಿಯೇ ಉಳಿದು ಗಂಡ ಹೆಂಡತಿ ಆಗಬಹುದು. ಈ ಅನುಕೂಲ ಸುಮ್ನೆ ಸಿಕ್ಕಿದ್ದಲ್ಲ. 1872ರಲ್ಲಿ ಬಂದ ಹಳೇ ಕಾಯ್ದೆಯಲ್ಲಿ ಮದುವೆಯಾಗುವವರು ‘ನಾನು ಹಿಂದೂ ಅಲ್ಲ, ಕ್ರಿಶ್ಚಿಯನ್ ಅಲ್ಲ, ಮುಸ್ಲಿಂ ಅಲ್ಲ’ ಅಂತ ಬರೆದುಕೊಡಬೇಕಿತ್ತು. ಮದುವೆ ಬೇಕಾದರೆ ಮನೆಯ ಧರ್ಮ ಬಿಡು ಅಂತ ಕಾನೂನೇ ಹೇಳಿದ ಹಾಗೆ. 1923ರ ತಿದ್ದುಪಡಿಯಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಮಾತ್ರ ಸ್ವಲ್ಪ ಸಡಿಲಿಕೆ ಸಿಕ್ಕಿತು. 1954ರಲ್ಲಿ ಆ ಷರತ್ತೇ ಹೋಯಿತು.

ಯಾರಾದರೂ ಮನಸಾರೆ ಒಂದು ಧರ್ಮವನ್ನು ಒಪ್ಪಿಕೊಂಡರೆ ಅದು ಅವರ ವಿಷಯ. ಆದರೆ ‘ಬೇಗ ಮುಗಿಯುತ್ತೆ, ಒಂದು ಸಹಿ ಅಷ್ಟೇ’ ಅಂತ ಮತ ಬದಲಾಯಿಸಬೇಡಿ. ಹಾಗೆ ಮಾಡಿದ ಮಕ್ಕಳನ್ನು ಮನೆಯವರು ‘ನಮ್ಮನ್ನು ಬಿಟ್ಟು ಹೋದರು’ ಅಂತಲೇ ನೋಡುತ್ತಾರೆ. ಮದುವೆಯನ್ನು ಹತ್ತು ವರ್ಷದಲ್ಲಿ ಒಪ್ಪಿಕೊಳ್ಳುವ ಅಮ್ಮ, ಮಗಳು ಬಲವಂತಕ್ಕೆ ಹೆಸರು ಬದಲಾಯಿಸಿದ್ದನ್ನು ಕೊನೇವರೆಗೂ ಒಪ್ಪಿಕೊಳ್ಳದೇ ಇರಬಹುದು.

ಹಾಗಾದರೆ ನಮಗೆ ಯಾವ ಕಾಯ್ದೆ ಅನ್ವಯ ಆಗುತ್ತೆ?

ಇಬ್ಬರೂ ಹಿಂದೂಗಳಾಗಿ ಜಾತಿ ಮಾತ್ರ ಬೇರೆಯಾದರೆ 1955ರ ಹಿಂದೂ ವಿವಾಹ ಕಾಯ್ದೆಯೇ ಸಾಕು. ಬಿಲ್ಲವ ಹುಡುಗ, ಶಿವಳ್ಳಿ ಬ್ರಾಹ್ಮಣ ಹುಡುಗಿ, ಮೊಗವೀರ, ಜಿಎಸ್‌ಬಿ ಅಂದರೆ ಗೌಡ ಸಾರಸ್ವತ ಬ್ರಾಹ್ಮಣ, ಯಾರು ಯಾರನ್ನು ಮದುವೆಯಾದರೂ ಸರಿ. ಕಾರ್ಕಳ, ಮೂಡುಬಿದಿರೆ ಕಡೆಯ ಜೈನರೂ ಇದೇ ಕಾಯ್ದೆಯೊಳಗೆ ಬರುತ್ತಾರೆ. ತಿಂಗಳ ನೋಟಿಸಿನ ರಗಳೆ ಇಲ್ಲ. ಆದರೆ ಧಾರೆಯೋ ಸಪ್ತಪದಿಯೋ, ನಿಮ್ಮಲ್ಲಿ ನಡೆದುಕೊಂಡು ಬಂದ ಶಾಸ್ತ್ರ ನಿಜವಾಗಿ ಆಗಿರಬೇಕು. ಶಾಸ್ತ್ರವೇ ಆಗದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಹಿಂದೂ ಮದುವೆ ಆಗುವುದಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಒಬ್ಬರು ಕ್ರಿಶ್ಚಿಯನ್ ಆಗಿದ್ದರೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ದಾರಿಯೂ ಉಂಟು. ಅದಕ್ಕೆ ಇಬ್ಬರಲ್ಲಿ ಒಬ್ಬರು ಕ್ರಿಶ್ಚಿಯನ್ ಇದ್ದರೆ ಸಾಕು. ಉಳಿದ ಎಲ್ಲ ಜೋಡಿಗಳಿಗೆ ವಿಶೇಷ ವಿವಾಹ ಕಾಯ್ದೆ. ಒಂದೇ ಧರ್ಮದವರೂ ಬೇಕಾದರೆ ಇದರಡಿ ಮದುವೆಯಾಗಬಹುದು.

ವಿಶೇಷ ವಿವಾಹ ಕಾಯ್ದೆಯಲ್ಲಿ ಏನೇನು ಮಾಡಬೇಕು? ಎಷ್ಟು ದಿನ ಹಿಡಿಯುತ್ತೆ?

ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಹುಡುಗಿಯ ವಯಸ್ಸನ್ನೂ 21 ಮಾಡುವ ಮಸೂದೆ 2021ರಲ್ಲಿ ಬಂದಿತ್ತು, ಕಾನೂನಾಗಲಿಲ್ಲ. ಇಬ್ಬರಿಗೂ ಬೇರೆ ಗಂಡ ಅಥವಾ ಹೆಂಡತಿ ಇರಬಾರದು. ಮಾನಸಿಕವಾಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಬೇಕು. ತೀರಾ ಹತ್ತಿರದ ರಕ್ತಸಂಬಂಧ ಇರಬಾರದು. ಕಾನೂನು ಕೇಳುವುದು ಇಷ್ಟೇ. ಜಾತಿಯ ಪ್ರಶ್ನೆ ಇಲ್ಲ, ಅಪ್ಪ ಅಮ್ಮನ ಸಹಿಯ ಪ್ರಶ್ನೆಯೂ ಇಲ್ಲ.

ಮೊದಲ ಹೆಜ್ಜೆ ನೋಟಿಸು. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸ ಇರುವ ಜಿಲ್ಲೆಯ ವಿವಾಹ ಅಧಿಕಾರಿಗೆ ಕೊಡಬೇಕು. ನಮ್ಮಲ್ಲಿ ಸಬ್ ರಿಜಿಸ್ಟ್ರಾರೇ ವಿವಾಹ ಅಧಿಕಾರಿ. ಅರ್ಜಿಯ ಕೆಲಸ ಈಗ ಇಲಾಖೆಯ ‘ಕಾವೇರಿ’ ಪೋರ್ಟಲ್ ಮೂಲಕ ಶುರುವಾಗುತ್ತದೆ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಅಥವಾ ಜನನ ಪ್ರಮಾಣಪತ್ರ, ವಿಳಾಸಕ್ಕೆ ಆಧಾರ್, ಇಬ್ಬರ ಫೋಟೋ, ಅಫಿಡವಿಟ್ ಇಟ್ಟುಕೊಳ್ಳಿ. ಮೊದಲ ಮದುವೆ ಮುರಿದವರು ವಿಚ್ಛೇದನದ ಡಿಕ್ರಿ, ಸಂಗಾತಿ ತೀರಿಕೊಂಡವರು ಮರಣ ಪ್ರಮಾಣಪತ್ರ ತರಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇನಿಶಿಯಲ್, ಆಧಾರಿನಲ್ಲಿ ಇನ್ನೊಂದು ಇದ್ದರೆ ಮೊದಲೇ ಸರಿಪಡಿಸಿ. ಕೌಂಟರಿನಲ್ಲಿ ಜನ ವಾಪಸ್ ಹೋಗುವುದು ಜಾಸ್ತಿ ಇಂಥ ಕಾರಣಕ್ಕೇ.

ನೋಟಿಸು ಕೊಟ್ಟ ಮೇಲೆ 30 ದಿನ ಕಾಯಬೇಕು. ಆಕ್ಷೇಪ ಬರದಿದ್ದರೆ ಮೂವರು ಸಾಕ್ಷಿಗಳ ಜೊತೆ ಹೋಗಿ ಘೋಷಣೆಗೆ ಸಹಿ ಹಾಕಬೇಕು. ‘ನಾನು ಇವರನ್ನು ನನ್ನ ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ’ ಅನ್ನುವ ಅರ್ಥದ ಮಾತನ್ನು ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಇಬ್ಬರೂ ಹೇಳಬೇಕು. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇದ್ದರೆ ಆಯಿತು. ನೋಟಿಸು ಕೊಟ್ಟ ದಿನದಿಂದ 3 ತಿಂಗಳೊಳಗೆ ಇದೆಲ್ಲ ಮುಗಿಯಬೇಕು. ಇಲ್ಲದಿದ್ದರೆ ಮತ್ತೆ ಹೊಸ ನೋಟಿಸು. ಹೆಚ್ಚಿನ ಶುಲ್ಕ ಕಟ್ಟಿ ಅಧಿಕಾರಿಯನ್ನು ಆಫೀಸಿನ ಹತ್ತಿರದ ಹಾಲಿಗೇ ಕರೆಸಿಕೊಳ್ಳುವ ಅವಕಾಶವೂ ಕಾಯ್ದೆಯಲ್ಲಿ ಉಂಟು. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ.

ನೋಟಿಸು ಬೋರ್ಡಿಗೆ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತೆ ಅಲ್ವಾ?

ಗೊತ್ತಾಗಬಹುದು. ನೋಟಿಸಿನಲ್ಲಿ ಇಬ್ಬರ ಹೆಸರು, ವಯಸ್ಸು, ಕೆಲಸ, ವಿಳಾಸ ಎಲ್ಲ ಇರುತ್ತದೆ. ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚುತ್ತಾರೆ. ಜಾಗ ಮಾರುವವರು, ಸಾಲದ ಪತ್ರಕ್ಕೆ ಬಂದವರು, ಬ್ರೋಕರುಗಳು, ಟೋಕನ್ ಹಿಡಿದು ಕಾಯುವವರೆಲ್ಲ ಅದೇ ಬೋರ್ಡಿನ ಎದುರು ನಿಂತಿರುತ್ತಾರೆ. ಹೊತ್ತು ಹೋಗದೆ ಅದನ್ನೇ ಓದುತ್ತಾರೆ. ಅವರಲ್ಲಿ ಒಬ್ಬರು ನಿಮ್ಮ ಅಪ್ಪನ ಪರಿಚಯದವರಾಗಿದ್ದರೆ ಸಂಜೆಯೊಳಗೆ ವಾಟ್ಸಾಪಿನಲ್ಲಿ ಫೋಟೋ ಮನೆ ತಲುಪಿರುತ್ತದೆ. ವಿವಾಹ ನೋಟಿಸಿನ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಒಬ್ಬರ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಮಂಗಳೂರಿನಲ್ಲಿ ನೋಟಿಸು ಕೊಟ್ಟರೆ ಕುಂದಾಪುರದ ಮನೆಗೆ ಗೊತ್ತಾಗುವುದಿಲ್ಲ ಅನ್ನುವ ಲೆಕ್ಕಾಚಾರ ನಡೆಯುವುದಿಲ್ಲ.

ಒಂದೇ ಧರ್ಮದವರಿಗೆ ಇಲ್ಲದ ಈ ಕಾಯುವಿಕೆ ಬೇರೆ ಧರ್ಮದವರಿಗೆ ಮಾತ್ರ ಯಾಕೆ? ಇದು ಅನ್ಯಾಯ ಅಂತಲೇ ನಾನು ನಂಬಿದ್ದೇನೆ. ಆದರೆ ಸದ್ಯ ಕಾನೂನು ಹೀಗೇ ಇರುವಾಗ ಅದಕ್ಕೆ ತಯಾರಾಗಿ ಹೋಗುವುದು ಜಾಣತನ. ಬೋರ್ಡಿನ ಮೂಲಕ ಮನೆಗೆ ಸುದ್ದಿ ಹೋಗುವ ಮೊದಲು ನಿಮ್ಮ ಬಾಯಿಂದಲೇ ಹೋಗಲಿ. ಹೇಳಿದರೆ ಪ್ರಾಣಕ್ಕೆ ಅಪಾಯ ಅನ್ನುವ ಮನೆಯಾಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಅಂಥವರು ಪೊಲೀಸ್ ರಕ್ಷಣೆಯ ಪ್ರಶ್ನೆಗೆ ಹೋಗಿ.

ಮನೆಯವರು ಅಥವಾ ಯಾವುದೋ ಸಂಘಟನೆಯವರು ಆಕ್ಷೇಪ ಹಾಕಿದರೆ ಮದುವೆ ನಿಲ್ಲುತ್ತಾ?

ವಯಸ್ಸು, ಮೊದಲ ಮದುವೆ, ಒಪ್ಪಿಗೆ ಕೊಡುವ ಸ್ಥಿತಿ, ರಕ್ತಸಂಬಂಧ, ಇವುಗಳ ಮೇಲೆ ಮಾತ್ರ ಆಕ್ಷೇಪ ಹಾಕಬಹುದು. ‘ನಮಗೆ ಇಷ್ಟ ಇಲ್ಲ’, ‘ಅವರು ಬೇರೆ ಧರ್ಮದವರು’ ಅನ್ನುವುದು ಕಾನೂನಿನ ಕಣ್ಣಲ್ಲಿ ಆಕ್ಷೇಪವೇ ಅಲ್ಲ. ಆಕ್ಷೇಪ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನಿಸಬೇಕು. ಅವರು ಮದುವೆ ಮಾಡಿಸಲು ಒಪ್ಪದಿದ್ದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಸುಮ್ನೆ ಕಾಟ ಕೊಡಲು ಆಕ್ಷೇಪ ಹಾಕಿದವರಿಗೆ 1000 ರೂಪಾಯಿವರೆಗೆ ದಂಡ ಹಾಕಬಹುದು.

ಚರ್ಚಿನಲ್ಲಿ ಮದುವೆ ಆಗಬೇಕು ಅಂತ ಅವರ ಮನೆಯವರ ಆಸೆ. ನಾನು ಹಿಂದೂ. ಆಗುತ್ತಾ?

ಆಗುತ್ತದೆ. ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗದವರನ್ನು ಕೆಥೋಲಿಕರು ಮದುವೆಯಾಗಲು ಚರ್ಚಿನ ನಿಯಮದಲ್ಲಿ ಅಡ್ಡಿ ಉಂಟು. ಆ ಅಡ್ಡಿಯಿಂದ ವಿನಾಯಿತಿ ಕೊಡುವ ಅಧಿಕಾರ ಬಿಷಪರಿಗೆ ಇದೆ. ಅರ್ಜಿ ನಿಮ್ಮ ಸಂಗಾತಿಯ ಚರ್ಚಿನ ಗುರುಗಳ ಮೂಲಕ ಹೋಗಬೇಕು. ಉಡುಪಿ 2012ರಿಂದ ಬೇರೆಯೇ ಧರ್ಮಪ್ರಾಂತ್ಯ, ಹಾಗಾಗಿ ಉಡುಪಿ ಕಡೆಯವರ ಅರ್ಜಿ ಅಲ್ಲಿಯ ಬಿಷಪರಿಗೆ ಹೋಗುತ್ತದೆ.

ಅಲ್ಲಿ ಏನು ಕೇಳುತ್ತಾರೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಮಾತು ಕೊಡಬೇಕಾದವರು ಕೆಥೋಲಿಕ್ ಸಂಗಾತಿ. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ತನ್ನಿಂದ ಆದಷ್ಟು ಪ್ರಯತ್ನ ಮಾಡುತ್ತೇನೆ ಅಂತ ಅವರು ಹೇಳಬೇಕು. ನಿಮಗೆ ಈ ವಿಷಯ ತಿಳಿಸಿರಬೇಕು, ಅಷ್ಟೇ. ನೀವು ಮತ ಬದಲಾಯಿಸಬೇಕು ಅಂತ ಇಲ್ಲ. ಇಂಥ ಮದುವೆಯನ್ನು ಸಾಮಾನ್ಯವಾಗಿ ಪೂರ್ತಿ ಬಲಿಪೂಜೆ (ಮಾಸ್) ಇಲ್ಲದೆ ನಡೆಸುತ್ತಾರೆ. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದ, ನಿಮಗೆ ಕೊಡುವುದಿಲ್ಲ. ಅದನ್ನು ಅವಮಾನ ಅಂದುಕೊಳ್ಳಬೇಡಿ, ಅದು ಅವರ ವಿಶ್ವಾಸದ ವಿಷಯ. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ತಲೆಗೆ ಸುರಿಯುವಾಗ ಮಾತ್ರ ಯಾರೂ ನಿಮ್ಮ ಧರ್ಮ ಕೇಳುವುದಿಲ್ಲ!

ಬರೀ ರಿಜಿಸ್ಟರ್ ಮದುವೆ ಮಾಡಿಕೊಂಡರೆ ಚರ್ಚು ಅದನ್ನು ಮದುವೆ ಅಂತ ಲೆಕ್ಕ ಹಿಡಿಯುವುದಿಲ್ಲ. ನಿಮ್ಮ ಸಂಗಾತಿಗೆ ಪರಮಪ್ರಸಾದ ತಪ್ಪುತ್ತದೆ. ವಿಶ್ವಾಸ ಇರುವವರಿಗೆ ಇದು ಸಣ್ಣ ನೋವಲ್ಲ. ಆಮೇಲೂ ಚರ್ಚಿನಲ್ಲಿ ಸರಿಪಡಿಸಿಕೊಳ್ಳುವ ದಾರಿ ಇದೆ, ಗುರುಗಳ ಹತ್ತಿರ ಮಾತಾಡಿ.

ಇನ್ನೊಂದು ಮಾತು. ಕೊಂಕಣಿ ಕ್ರಿಶ್ಚಿಯನರಲ್ಲಿ ಜಾತಿ ಇಲ್ಲ ಅಂತ ಅಂದುಕೊಂಡವರು ಇದ್ದಾರೆ. ಬಾಮಣ್, ಚಾರ್ಡಿ ಅನ್ನುವ ಲೆಕ್ಕ ಮದುವೆ ಮಾತುಕತೆಯಲ್ಲಿ ಇವತ್ತಿಗೂ ಮೆಲ್ಲಗೆ ಬರುತ್ತದೆ. ಒಂದೇ ಚರ್ಚಿನ ಇಬ್ಬರ ಮದುವೆಗೂ ಮನೆಯಲ್ಲಿ ಮುಖ ಗಂಟು ಹಾಕಿದ್ದುಂಟು.

ನಿಕಾಹ್ ವಿಷಯ ಹೇಗೆ?

ಇಸ್ಲಾಮಿನ ವೈಯಕ್ತಿಕ ಕಾನೂನಿನಲ್ಲಿ ಮುಸ್ಲಿಂ ಗಂಡಸು ಕ್ರಿಶ್ಚಿಯನ್ ಹೆಂಗಸನ್ನು ಅವಳು ಮತ ಬದಲಾಯಿಸದೆಯೇ ಮದುವೆಯಾಗಬಹುದು. ಹಿಂದೂ ಹೆಂಗಸಿನ ಜೊತೆಗಿನ ನಿಕಾಹ್ ಕ್ರಮಬದ್ಧ ಅಲ್ಲ. ಮುಸ್ಲಿಂ ಹೆಂಗಸಿಗೆ ಬೇರೆ ಧರ್ಮದ ಗಂಡಸಿನ ಜೊತೆ ನಿಕಾಹ್ ಇಲ್ಲ. ಕ್ರಮಬದ್ಧ ಅಲ್ಲದ ಮದುವೆಯ ಮಕ್ಕಳು ಅಕ್ರಮ ಸಂತಾನ ಅಲ್ಲ, ಅಪ್ಪನ ಆಸ್ತಿಯಲ್ಲಿ ಅವರಿಗೆ ಹಕ್ಕುಂಟು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೆಂಡತಿಗೆ ಗಂಡನ ಆಸ್ತಿ ಸಿಗುವುದಿಲ್ಲ. ಹಾಗಾಗಿ ಹಿಂದೂ–ಬ್ಯಾರಿ (ಕರಾವಳಿಯ ಮುಸ್ಲಿಂ) ಜೋಡಿಗಳಿಗೆ ನಾನು ಒಂದೇ ಮಾತು ಹೇಳುವುದು: ಸ್ಪೆಷಲ್ ಮ್ಯಾರೇಜ್ ಆಕ್ಟ್.

ಮತಾಂತರ ಕಾಯ್ದೆ ಅಂತ ಒಂದು ಉಂಟಂತೆ. ನಮ್ಮ ಮೇಲೆ ಕೇಸ್ ಹಾಕಬಹುದಾ?

ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಬಲವಂತ, ಮೋಸ, ಆಮಿಷದ ಜೊತೆಗೆ ಮದುವೆಯ ಭರವಸೆ ಕೊಟ್ಟು ಮತಾಂತರ ಮಾಡಿಸುವುದನ್ನೂ ಅದು ಅಪರಾಧ ಮಾಡಿತು. ಮತ ಬದಲಾಯಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ನಿಯಮ ಮಾಡಿತು. ಅದನ್ನು ರದ್ದು ಮಾಡಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ರದ್ದತಿ ಅಲ್ಲ, ಆದ್ದರಿಂದ ಮತ ಬದಲಾಯಿಸುವ ಯೋಚನೆ ಇರುವವರು ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ. ನೀವಿಬ್ಬರೂ ಇದ್ದ ಧರ್ಮದಲ್ಲೇ ಇದ್ದು ಮದುವೆಯಾದರೆ ಈ ಕಾಯ್ದೆಗೆ ಅಲ್ಲಿ ಕೆಲಸವೇ ಇಲ್ಲ. ವಿಶೇಷ ವಿವಾಹ ಕಾಯ್ದೆಯ ದಾರಿಯನ್ನೇ ನಾನು ಮತ್ತೆ ಮತ್ತೆ ಹೇಳಲು ಇದೂ ಒಂದು ಕಾರಣ.

ಮನೆಯಲ್ಲಿ ಹೇಗೆ ಹೇಳುವುದು?

ಎಲ್ಲರೂ ಒಟ್ಟಿಗೆ ಕೂತಿರುವಾಗ ಹೇಳಬೇಡಿ. ಹತ್ತು ಜನ ಇದ್ದ ಕಡೆ ಅಪ್ಪ ಅಪ್ಪನಾಗಿ ಮಾತಾಡುವುದಿಲ್ಲ, ಮನೆತನದ ಯಜಮಾನನಾಗಿ ಮಾತಾಡುತ್ತಾರೆ. ಒಮ್ಮೆ ಎಲ್ಲರ ಎದುರು ‘ಆಗುವುದಿಲ್ಲ’ ಅಂದರೆ ಅದನ್ನು ವಾಪಸ್ ತೆಗೆದುಕೊಳ್ಳುವುದು ಅವರಿಗೆ ಕಷ್ಟ. ಮೊದಲು ಒಬ್ಬರಿಗೆ ಹೇಳಿ. ಅಮ್ಮನಿಗೋ, ಅಕ್ಕನಿಗೋ, ದೊಡ್ಡಮ್ಮನಿಗೋ. ಬಂಟರು, ಬಿಲ್ಲವರಂಥ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಹಿಡಿಯುವ, ಮನೆಗಳಲ್ಲಿ ಸೋದರಮಾವನ ಮಾತಿಗೆ ಬೆಲೆ ಜಾಸ್ತಿ. ಮಾವ ಒಪ್ಪಿದರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಮನೆಯಲ್ಲೂ ಹಾಗೇ ಆಯಿತು.

ಮನೆಯವರ ಭಯವನ್ನು ಸಣ್ಣದು ಮಾಡಬೇಡಿ. ‘ನಿಮ್ಮದು ಹಳೇ ಕಾಲದ ಬುದ್ಧಿ’ ಅಂದರೆ ಮಾತು ಅಲ್ಲಿಗೇ ನಿಂತಿತು. ಅವರ ಮನಸ್ಸಿನಲ್ಲಿ ಇರುವುದು ಬಹಳ ಸಲ ಮೂರು ಪ್ರಶ್ನೆ. ತಂಗಿಗೆ ಸಂಬಂಧ ಬರುತ್ತಾ? ಮೊಮ್ಮಕ್ಕಳು ನಮ್ಮವರಾಗಿ ಇರುತ್ತಾರಾ? ನಾಳೆ ಇವರಿಬ್ಬರಲ್ಲಿ ಹೊಂದಾಣಿಕೆ ಆಗದಿದ್ದರೆ ನಮ್ಮ ಮಗು ಎಲ್ಲಿಗೆ ಹೋಗಬೇಕು? ಇವಕ್ಕೆ ಒಂದೊಂದಾಗಿ ಉತ್ತರ ಕೊಡಿ. ತಂಗಿಯ ಮದುವೆ ಮಾತುಕತೆ ನಡೆಯುತ್ತಾ ಇದ್ದರೆ ನಿಮ್ಮದನ್ನು ಸ್ವಲ್ಪ ತಡ ಮಾಡಿ. ಹಾಗಂತ ‘ಅವಳದಾಗಲಿ, ಇವನದಾಗಲಿ’ ಅಂತ ವರ್ಷಗಟ್ಟಲೆ ಕಾಯಿಸಿದರೆ, ಅವರು ನೀವು ಸುಸ್ತಾಗುವುದನ್ನೇ ಕಾಯುತ್ತಿದ್ದಾರೆ ಅಂತ ಅರ್ಥ. ಇಂಥ ತಿಂಗಳಲ್ಲಿ ಮದುವೆ ಅಂತ ಹೇಳಿ, ಆ ಮಾತಿಗೇ ನಿಲ್ಲಿ.

ನಿಮ್ಮ ಸಂಗಾತಿಯನ್ನು ಮೊದಲ ಸಲ ಮನೆಗೆ ಕರೆದುಕೊಂಡು ಹೋಗುವಾಗ ಹಬ್ಬದ ದಿನ ಬೇಡ. ಸುಮ್ನೆ ಒಂದು ಭಾನುವಾರ ಹೋಗಿ. ಅಮ್ಮನ ಹತ್ತಿರ ತುಳುವಿನಲ್ಲಿ ಎರಡು ಮಾತಾಡಲು ಅವರಿಗೆ ಬಂದರೂ ತುಂಬ ದೊಡ್ಡದು.

ನಮ್ಮ ಕುಟುಂಬದ ಮನೆಯಲ್ಲಿ ದೈವ, ನಾಗ ಎಲ್ಲ ಉಂಟು. ಹೊರಗೆ ಮದುವೆಯಾದರೆ ಸೇರಿಸಿಕೊಳ್ಳುತ್ತಾರಾ?

ಇಲ್ಲಿ ಕಾನೂನಿನ ಮಾತು ಕೆಲಸಕ್ಕೆ ಬರುವುದಿಲ್ಲ. ಒಂದೊಂದು ಕುಟುಂಬದಲ್ಲಿ ಒಂದೊಂದು ತರ.

ಬಂಟರಲ್ಲಿ ‘ಬರಿ’, ಅಂದರೆ ಗೋತ್ರದಂಥ ಕುಲ, ಅಮ್ಮನ ಕಡೆಯಿಂದ ಬರುತ್ತದೆ. ಹಾಗಾಗಿ ಬಂಟರ ಹುಡುಗಿ ಹೊರಗೆ ಮದುವೆಯಾದರೂ ಅವಳ ಮಕ್ಕಳಿಗೆ ಅವಳ ಬರಿ ಉಂಟು ಅಂತ ವಾದಿಸುವ ಹಿರಿಯರಿದ್ದಾರೆ. ಬಂಟರ ಹುಡುಗ ಹೊರಗಿನ ಹುಡುಗಿಯನ್ನು ಮದುವೆಯಾದರೆ ಮಕ್ಕಳಿಗೆ ಬರಿ ಇಲ್ಲ. ‘ಹುಡುಗ ಹೊರಗೆ ಮದುವೆಯಾದರೆ ಅಡ್ಡಿ ಇಲ್ಲ, ಹುಡುಗಿ ಆಗಬಾರದು’ ಅಂತ ಹೇಳುವವರಿಗೆ ಇದನ್ನು ನೆನಪಿಸಬಹುದು. ನಮ್ಮ ಹಳೇ ಕಟ್ಟಳೆ ಹೇಳುವುದು ಅದರ ಉಲ್ಟಾ.

ನಮ್ಮ ಕುಟುಂಬದ ಮನೆಯ ಕೋಲಕ್ಕೆ ಮದುವೆಯಾದ ಹೊಸತರಲ್ಲಿ ನನ್ನ ಗಂಡ ಬಂದಿದ್ದರು. ಅಂಗಳದ ಹೊರಗೆ, ಬಾಳೆಗಿಡದ ಹತ್ತಿರ ನಿಂತಿದ್ದರು. ಒಳಗೆ ಬನ್ನಿ ಅಂತ ಯಾರೂ ಹೇಳಲಿಲ್ಲ, ಹೋಗಿ ಅಂತಲೂ ಹೇಳಲಿಲ್ಲ. ದೈವ ಕುಟುಂಬದವರನ್ನೆಲ್ಲ ಕರೆದು ಗಂಧ ಪ್ರಸಾದ ಕೊಡುವ ಹೊತ್ತಿಗೆ ನನ್ನ ಸೋದರಮಾವ ತಿರುಗಿ ನೋಡಿ, ‘ಅವರನ್ನೂ ಕರಿ’ ಅಂದರು. ಗಂಡ ಚಪ್ಪಲಿ ಬಿಚ್ಚಿ ಬಂದು, ಎರಡೂ ಕೈ ಒಡ್ಡಿ ತೆಗೆದುಕೊಂಡರು. ಹಣೆಗೆ ಹಚ್ಚಬೇಕಾ ಬೇಡವಾ ಅಂತ ತಿಳಿಯದೆ ಒಂದು ಕ್ಷಣ ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದ ಅಜ್ಜಿಯೇ ಬೆರಳಲ್ಲಿ ತೆಗೆದು ಹಚ್ಚಿದರು. ಕೆಲವು ಮನೆಗಳಲ್ಲಿ ಇಷ್ಟಾಗಲು ವರ್ಷಗಳು ಬೇಕು, ಕೆಲವು ಕಡೆ ಆಗುವುದೇ ಇಲ್ಲ. ತಂಬಿಲಕ್ಕೆ, ನಾಗನ ಪೂಜೆಗೆ ಪಾಲು ಕಳಿಸುವುದನ್ನು ನಿಲ್ಲಿಸಬೇಡಿ. ಕರೆಯದಿದ್ದರೂ ಕಳಿಸಿ.

ನಮ್ಮ ಊರಲ್ಲಿ ಹಿಂದೆ ಇಂಥ ಮದುವೆ ಇತ್ತಾ? ಇದೆಲ್ಲ ಈಗಿನ ಮಕ್ಕಳ ಹುಚ್ಚು ಅಂತ ಅಜ್ಜ ಹೇಳುತ್ತಾರೆ.

ಮಂಗಳೂರಿನ ಪುರಭವನಕ್ಕೆ ಯಾರ ಹೆಸರುಂಟು ಅಂತ ಅಜ್ಜನನ್ನು ಕೇಳಿ. ಕುದ್ಮುಲ್ ರಂಗರಾವ್. ದಲಿತ ಮಕ್ಕಳಿಗೆ ಶಾಲೆ ಕಟ್ಟಿದ್ದಕ್ಕೆ ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದ ಸಾರಸ್ವತ ಬ್ರಾಹ್ಮಣ. ಅವರ ಮಗಳು ರಾಧಾಬಾಯಿ ಮದುವೆಯಾಗಿದ್ದು ತಮಿಳುನಾಡಿನ ಗೌಂಡರ್ ಸಮುದಾಯದ ಪಿ. ಸುಬ್ಬರಾಯನ್ ಅವರನ್ನು. ಇದು ನೂರು ವರ್ಷಕ್ಕೂ ಹಿಂದಿನ ಮಾತು. ಸುಬ್ಬರಾಯನ್ ಆಮೇಲೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ ಅಂದಿನ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆ. ಅವರ ಮಗ ಜನರಲ್ ಪಿ.ಪಿ. ಕುಮಾರಮಂಗಲಂ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದರು.

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಬಾಲವಿಧವೆ. ಮತ್ತೆ ಮದುವೆಯಾದದ್ದು ಬಂಗಾಳಿ ಕವಿ ಹರೀಂದ್ರನಾಥರನ್ನು, ಸರೋಜಿನಿ ನಾಯ್ಡು ಅವರ ತಮ್ಮನನ್ನು. ಆ ಮದುವೆ ಮುರಿದೂ ಹೋಯಿತು. ಅದನ್ನೂ ಮುಚ್ಚಿಡಬೇಕಾಗಿಲ್ಲ. ಒಂದೇ ಜಾತಿಯೊಳಗಿನ ಮದುವೆಗಳೂ ಮುರಿಯುತ್ತವೆ.

ಬೆದರಿಕೆ ಬರುತ್ತಿದೆ. ರಕ್ಷಣೆ ಸಿಗುತ್ತಾ?

ಸಿಗಬೇಕು, ಅದು ನಿಮ್ಮ ಹಕ್ಕು. ಪ್ರಾಯಕ್ಕೆ ಬಂದವರು ಇಷ್ಟಪಟ್ಟವರನ್ನು ಮದುವೆಯಾಗಬಹುದು, ಅವರಿಗೆ ತೊಂದರೆ ಆಗದಂತೆ ಪೊಲೀಸರು ನೋಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಸುರಕ್ಷಿತ ವಸತಿ ವ್ಯವಸ್ಥೆಯ ಬಗ್ಗೆ ಸೂಚನೆ ಕೊಟ್ಟಿದೆ. 2020ರ ನವೆಂಬರಿನಲ್ಲಿ ನಮ್ಮ ಹೈಕೋರ್ಟ್, ಸಂಗಾತಿಯನ್ನು ಆರಿಸಿಕೊಳ್ಳುವುದು ಮೂಲಭೂತ ಹಕ್ಕು ಅಂದಿದೆ. 2021ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ಪ್ರಾಯದವರು ಒಪ್ಪಿದ ಮೇಲೆ ಮನೆ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಹೇಳಿ, ಪೊಲೀಸರಿಗೆ ಇಂಥ ಪ್ರಕರಣಗಳ ಬಗ್ಗೆ ತರಬೇತಿ ಕೊಡಬೇಕು ಅಂದಿದೆ.

ಕರಾವಳಿಯಲ್ಲಿ ಪರಿಸ್ಥಿತಿ ಹೇಗಿದೆ ಅಂತ ನಿಮಗೂ ಗೊತ್ತು. ಒಟ್ಟಿಗೆ ಕೂತು ಜ್ಯೂಸ್ ಕುಡಿದರೂ ಬಂದು ಹೆಸರು ಕೇಳುವವರಿದ್ದಾರೆ. 2009ರ ಪಬ್ ದಾಳಿ, 2012ರ ಪಡೀಲ್ ಹೋಮ್‌ಸ್ಟೇ ದಾಳಿ ಇಲ್ಲಿಯೇ ಆದದ್ದು. ದಾರಿಯಲ್ಲಿ ತಡೆದು ಐಡಿ ಕೇಳುವ ಅಧಿಕಾರ ಯಾವ ಖಾಸಗಿ ವ್ಯಕ್ತಿಗೂ ಇಲ್ಲ. ಅಂಥ ಹೊತ್ತಿನಲ್ಲಿ ವಾದಕ್ಕೆ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿ, ಜನ ಇರುವ ಕಡೆ ಹೋಗಿ.

ಬೆದರಿಕೆ ಇದ್ದರೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಮಂಗಳೂರು ನಗರದವರು ಪೊಲೀಸ್ ಕಮಿಷನರಿಗೆ, ಉಳಿದ ಕಡೆಯವರು ಎಸ್‌ಪಿಗೆ ಒಂದು ಪ್ರತಿ ಕಳಿಸಿ. ಮೆಸೇಜು, ಕಾಲ್ ರೆಕಾರ್ಡು ಅಳಿಸಬೇಡಿ. ಮನೆಯವರು ‘ಮಗಳು ಕಾಣೆ’ ಅಂತ ದೂರು ಕೊಟ್ಟಿದ್ದರೆ ಅಡಗಿ ಕೂರಬೇಡಿ. ವಕೀಲರ ಜೊತೆ ಹೋಗಿ ‘ನನ್ನ ಇಷ್ಟದಿಂದ ಬಂದಿದ್ದೇನೆ’ ಅಂತ ಹೇಳಿಕೆ ಕೊಡಿ. ಪ್ರಾಯದ ಮಗಳನ್ನು ಮನೆಯಲ್ಲಿ ಕೂಡಿಹಾಕುವುದು ಅಪರಾಧ. ಅವಳ ಸಂಗಾತಿ ಅವಳನ್ನು ಕೋರ್ಟಿನ ಎದುರು ಕರೆತರಿಸಿ ಅಂತ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು.

ಹುಡುಗಿಗೆ 18 ಆಗಿಲ್ಲವಾದರೆ ಈ ಪುಟದ ಯಾವ ಮಾತೂ ನಿಮಗಲ್ಲ. ಅದು ಪೋಕ್ಸೋ ಪ್ರಕರಣ ಆಗುತ್ತದೆ. ಕಾಯಿರಿ.

ಅಪ್ಪನ ಆಸ್ತಿ ಹೋಗುತ್ತಾ?

ಜಾತಿ ಬಿಟ್ಟರು, ಧರ್ಮ ಬಿಟ್ಟರು ಅಂತ ಆಸ್ತಿಯ ಹಕ್ಕು ಕಿತ್ತುಕೊಳ್ಳುವ ಹಾಗಿಲ್ಲ ಅಂತ 1850ರಲ್ಲೇ ಕಾನೂನು ಬಂದಿದೆ. ಅಪ್ಪ ಸ್ವಂತ ಸಂಪಾದನೆಯನ್ನು ವಿಲ್ ಮಾಡಿ ಬೇರೆಯವರಿಗೆ ಕೊಟ್ಟರೆ ಮಾತ್ರ ಏನೂ ಮಾಡಲಾಗುವುದಿಲ್ಲ.

ಹಿಂದೂ ಒಬ್ಬರು ಬೇರೆ ಧರ್ಮದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಲೆಕ್ಕ. ಪಾಲು ಹೋಗುವುದಿಲ್ಲ, ಒಟ್ಟು ಕುಟುಂಬದ ಸದಸ್ಯತ್ವ ಹೋಗುತ್ತದೆ. ಆಮೇಲೆ ನಿಮ್ಮ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ವಿಲ್ ಇಲ್ಲದೆ ತೀರಿಕೊಂಡರೆ ಸಂಗಾತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಇಬ್ಬರೂ ಹಿಂದೂಗಳಾಗಿದ್ದರೆ ಈ ಬದಲಾವಣೆ ಇಲ್ಲ, ಹಿಂದೂ ಕಾನೂನೇ ಮುಂದುವರಿಯುತ್ತದೆ.

ಮತ ಬದಲಾಯಿಸುವವರು ಒಂದು ವಿಷಯ ನೋಡಿಕೊಳ್ಳಬೇಕು. ಹಿಂದೂ ಮಗಳು ಮತಾಂತರ ಆದರೂ ಅವಳಿಗೆ ಅಪ್ಪನ ಆಸ್ತಿ ಬರುತ್ತದೆ. ಆದರೆ ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ಸಂಬಂಧಿಕರ ಆಸ್ತಿಗೆ ವಾರಸುದಾರಿಕೆ ಇರುವುದಿಲ್ಲ, ಆ ಹೊತ್ತಿಗೆ ಅವರು ಹಿಂದೂಗಳಾಗಿದ್ದರೆ ಮಾತ್ರ ಉಂಟು. ಏನೇ ಇರಲಿ, ಮದುವೆಯಾದ ಮೇಲೆ ಇಬ್ಬರೂ ವಿಲ್ ಬರೆದಿಡಿ. ಬ್ಯಾಂಕು, ಪಿಎಫ್ ನಾಮಿನಿ ಬದಲಾಯಿಸಿ.

ಮದುವೆಯಾದರೆ ನನ್ನ ಜಾತಿ ಬದಲಾಗುತ್ತಾ? ಸರ್ಕಾರದಿಂದ ಹಣ ಕೊಡುತ್ತಾರಂತಲ್ಲ?

ಜಾತಿ ಹುಟ್ಟಿನಿಂದ ಬಂದದ್ದು, ಮದುವೆಯಿಂದ ಮೀಸಲಾತಿ ಸಿಗುವುದಿಲ್ಲ ಅಂತ 1996ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಜಾತಿ ಅಂತ ಹಿಡಿಯುತ್ತಾರೆ. ಆದರೆ ಅಮ್ಮ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿ, ಮಗು ಅವರ ಸಮುದಾಯದಲ್ಲೇ ಬೆಳೆದು ಅದೇ ಕಷ್ಟ ಅನುಭವಿಸಿದ್ದರೆ ಅದನ್ನು ಸಾಬೀತು ಮಾಡಿ ಅಮ್ಮನ ಜಾತಿ ಪಡೆಯಬಹುದು. ಇದು 2012ರ ತೀರ್ಪು.

ಪರಿಶಿಷ್ಟ ಜಾತಿಯವರು ಇತರ ಜಾತಿಯ ಹಿಂದೂಗಳನ್ನು ಮದುವೆಯಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಉಂಟು. ಹುಡುಗ ಪರಿಶಿಷ್ಟ ಜಾತಿಯವನಾದರೆ 2.5 ಲಕ್ಷ, ಹುಡುಗಿಯಾದರೆ 3 ಲಕ್ಷ ರೂಪಾಯಿ. ಆದಾಯ ಮಿತಿಯೂ ಇದೆ, ಅರ್ಜಿಗೆ ಗಡುವೂ ಇದೆ. ಮದುವೆ ನೋಂದಣಿ ಆದ ಕೂಡಲೇ ತಾಲೂಕು ಕಚೇರಿಯಲ್ಲಿ ವಿಚಾರಿಸಿ.

ಹೆಂಡತಿ ಹೆಸರು, ಸರ್‌ನೇಮ್ ಬದಲಾಯಿಸಲೇಬೇಕಾ?

ಬೇಡ. ಯಾವ ಕಾನೂನೂ ಹೇಳುವುದಿಲ್ಲ.

ಸಂಗಾತಿ ವಿದೇಶದವರು. ಅಥವಾ ಒಬ್ಬರು ಗಲ್ಫಿನಲ್ಲಿದ್ದಾರೆ.

ಮಣಿಪಾಲದಲ್ಲಿ ಓದಿದವರಿಂದ ಈ ಪ್ರಶ್ನೆ ತುಂಬ ಬರುತ್ತದೆ. ವಿದೇಶಿಯರೂ ಇಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು. ಪಾಸ್‌ಪೋರ್ಟು, ಚಾಲ್ತಿ ವೀಸಾ, ಮದುವೆಗೆ ಅಡ್ಡಿ ಇಲ್ಲ ಅಂತ ಅವರ ರಾಯಭಾರ ಕಚೇರಿಯ ಪತ್ರ ಕೇಳುತ್ತಾರೆ. ಈ ಪತ್ರಕ್ಕೇ ಸಮಯ ಹಿಡಿಯುವುದು, ಮೊದಲೇ ಶುರು ಮಾಡಿ. ಮದುವೆ ನೋಂದಣಿಯಾಗಿ 2 ವರ್ಷ ಒಟ್ಟಿಗೆ ಇದ್ದ ಮೇಲೆ ವಿದೇಶಿ ಸಂಗಾತಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಅವರ ದೇಶದ ಕಾನೂನನ್ನೂ ನೋಡಿಕೊಳ್ಳಿ. ಉದಾಹರಣೆಗೆ ಮಲೇಷ್ಯಾದಲ್ಲಿ ಮುಸ್ಲಿಮರ ಜೊತೆಗಿನ ಮದುವೆಗೆ ಇನ್ನೊಬ್ಬರೂ ಮುಸ್ಲಿಂ ಆಗಲೇಬೇಕು.

ಗಲ್ಫಿನವರಿಗೆ ತೊಂದರೆ ರಜೆಯದ್ದು. ನೋಟಿಸಿಗೆ ಇಬ್ಬರ ಸಹಿ ಬೇಕು, ಆಮೇಲೆ 30 ದಿನ. ಒಂದು ತಿಂಗಳ ರಜೆಯಲ್ಲಿ ಎಲ್ಲ ಮುಗಿಸುತ್ತೇನೆ ಅಂದರೆ ಕಷ್ಟ. ಒಂದು ಸಲ ಬಂದು ನೋಟಿಸು ಕೊಟ್ಟು, 3 ತಿಂಗಳೊಳಗೆ ಮತ್ತೆ ಬರುವ ಹಾಗೆ ಟಿಕೆಟ್ ಮಾಡಿ.

ಮಕ್ಕಳನ್ನು ಯಾವ ಧರ್ಮದಲ್ಲಿ ಬೆಳೆಸುವುದು?

ಮಗು ಹುಟ್ಟಿದ ಮೇಲೆ ನೋಡೋಣ ಅನ್ನಬೇಡಿ. ಬಾಣಂತನಕ್ಕೆ ಬಂದ ಎರಡೂ ಕಡೆಯ ಅಜ್ಜಿಯರ ಮಧ್ಯೆ ಕೂತು ಈ ತೀರ್ಮಾನ ಮಾಡಲು ಆಗುವುದಿಲ್ಲ. ಹೆಸರು ಯಾವುದು, ದೀಕ್ಷಾಸ್ನಾನ ಉಂಟಾ, ಸುನ್ನತ್ ಉಂಟಾ, ತೊಟ್ಟಿಲು ಶಾಸ್ತ್ರ ಉಂಟಾ, ಶಾಲೆಯ ಅರ್ಜಿಯಲ್ಲಿ ಏನು ಬರೆಯುವುದು ಅಂತ ಮದುವೆಗೆ ಮುಂಚೆಯೇ ಇಬ್ಬರೂ ಬಿಚ್ಚಿ ಮಾತಾಡಿ. ಇಲ್ಲಿ ಒಪ್ಪಂದ ಆಗದಿದ್ದರೆ ಮದುವೆಯನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು. ಕಟುವಾಗಿ ಕೇಳಿಸಬಹುದು, ಆದರೂ ಹೇಳುತ್ತೇನೆ. ನಮ್ಮ ಮಕ್ಕಳು ಮಾತೆ ಮರಿಯಳ ಹಬ್ಬವಾದ ಮೊಂತಿ ಫೆಸ್ತ್‌ಗೆ ಹೂವು ಹಿಡಿದುಕೊಂಡು ಹೋಗುತ್ತಾರೆ, ನಾಗರಪಂಚಮಿಗೆ ಹಾಲು ಹಿಡಿದುಕೊಂಡು ಹೋಗುತ್ತಾರೆ. ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ ಅಂತ ಬಿಟ್ಟಿದ್ದೇವೆ. ನಿಮ್ಮದು ಬೇರೆ ತರ ಇರಬಹುದು.

ಅಡುಗೆಮನೆಯಲ್ಲಿ?

ಮೀನಿನ ಸಾರಿನಲ್ಲಿ ಎಲ್ಲರೂ ಒಂದಾಗುತ್ತಾರೆ. ಹಂದಿ ಮಾಂಸ, ದನದ ಮಾಂಸ, ಬ್ರಾಹ್ಮಣ ಅಥವಾ ಜೈನ ಮನೆಯ ಸಸ್ಯಾಹಾರ, ಇವುಗಳಲ್ಲಿ ಮಾತ್ರ ಮೊದಲೇ ಮಾತಾಡಿಕೊಳ್ಳಿ. ತಿನ್ನದವರಿಗೆ ತಿನ್ನಿ ಅನ್ನಬೇಡಿ, ತಿನ್ನುವವರನ್ನು ಹೀಯಾಳಿಸಬೇಡಿ. ಬೇಕಾದರೆ ಒಂದು ಪಾತ್ರೆ ಬೇರೆ ಇಡಿ.

ಸತ್ತ ಮೇಲೆ ಏನು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಲೇಬೇಕಾದ ಪ್ರಶ್ನೆ. ಸಾವಿನ ಮನೆಯಲ್ಲಿ ಎರಡು ಕಡೆಯವರು ಶವಕ್ಕಾಗಿ ವಾದ ಮಾಡುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಕೆಥೋಲಿಕ್ ಚರ್ಚು 1963ರಿಂದ ದಹನಕ್ಕೆ ಅವಕಾಶ ಕೊಟ್ಟಿದೆ. ಚರ್ಚಿನ ಸಮಾಧಿಯಲ್ಲಿ ಬೇರೆ ಧರ್ಮದ ಸಂಗಾತಿಗೆ ಜಾಗ ಸಿಗುತ್ತಾ, ಜಮಾಅತಿನ ಕಬರಸ್ಥಾನದಲ್ಲಿ ಏನು ನಿಯಮ ಅಂತ ಆಯಾ ಕಡೆ ಕೇಳಿಕೊಳ್ಳಿ. ಮಂಗಳೂರಿನಲ್ಲಿ ಬೋಳೂರು, ನಂದಿಗುಡ್ಡೆಯ ಸ್ಮಶಾನಗಳಿವೆ. ನಿಮ್ಮ ಇಷ್ಟವನ್ನು ಬರೆದು, ಸಹಿ ಹಾಕಿ, ಎರಡೂ ಮನೆಗೆ ಒಂದೊಂದು ಪ್ರತಿ ಕೊಡಿ.

ಸಹಾಯಕ್ಕೆ ಯಾರನ್ನು ಕೇಳಬೇಕು?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎರಡೂ ಜಿಲ್ಲೆಯ ನ್ಯಾಯಾಲಯ ಸಂಕೀರ್ಣದಲ್ಲಿ ಉಂಟು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ಫೋನ್ 15100. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಉಳಿದುಕೊಳ್ಳಲು ಜಾಗ ಬೇಕಾದ ಹೆಂಗಸರು ಸರ್ಕಾರದ ‘ಸಖಿ’ ಕೇಂದ್ರವನ್ನು ಕೇಳಬಹುದು. ಹೋಗುವಾಗ ವಯಸ್ಸಿನ ದಾಖಲೆಯ ಒರಿಜಿನಲ್ ನಿಮ್ಮ ಕೈಯಲ್ಲೇ ಇರಲಿ. ಮನೆಯ ಕಪಾಟಿನಲ್ಲಿ ಬಿಟ್ಟು ಬಂದಿದ್ದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ನಕಲಿಗೆ ಓದಿದ ಶಾಲೆಯ ಮೂಲಕ ಅರ್ಜಿ ಹಾಕಿ.